ರೇಡಿಯೊ ಕಂಟ್ರೋಲ್ ಡ್ರ್ಯಾಗ್ ರೇಸಿಂಗ್: ಆರಂಭದ ದೀಪ ಮತ್ತು ಟೈಮರ್ ಬದಲಿಸುವಾಗ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿದ್ದೇನೆ. ನಮ್ಮ ಹವ್ಯಾಸಿಗಳ ಗುಂಪು ವಾರಾಂತ್ಯದ ಸಂಜೆ ಖಾಲಿ ಪಾರ್ಕಿಂಗ್ ಜಾಗದಲ್ಲಿ 1/10 ಅಳತೆಯ ರೇಡಿಯೊ ಕಂಟ್ರೋಲ್ ಕಾರುಗಳ ಡ್ರ್ಯಾಗ್ ರೇಸ್ (ಎರಡು ಕಾರುಗಳು ನೇರ ದಾರಿಯಲ್ಲಿ ಓಡುವ ಪಂದ್ಯ) ನಡೆಸುತ್ತದೆ. ಎರಡು ಲೇನ್, ಓಟದ ಉದ್ದ 132 ಅಡಿ. ಹಳೆಯ ಸದಸ್ಯರೊಬ್ಬರು ಕಟ್ಟಿಕೊಟ್ಟ ದೀಪಸ್ತಂಭ ಮತ್ತು ಟೈಮರ್ ನಮ್ಮಲ್ಲಿದೆ. ಅದರಲ್ಲಿ 12 ವೋಲ್ಟಿನ ಬಲ್ಬುಗಳು, ಪ್ರೋಗ್ರಾಮ್ ಮಾಡಬಲ್ಲ ಒಂದು ಪುಟ್ಟ ಆರ್ಡುಯಿನೊ ಊನೊ ಬೋರ್ಡ್, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಾನೇ ತಂದ ಟಿವಿ ರಿಮೋಟ್ ಬಗೆಯ ಇನ್‌ಫ್ರಾರೆಡ್ ರಿಸೀವರ್‌ಗಳು ಇವೆ. ಗುರಿಯ ಗೆರೆಯಿಂದ ಸಂಕೇತ ವೈಫೈ ಮೂಲಕ ಬರುತ್ತದೆ. ಹಳದಿ ದೀಪಗಳು ಒಂದಾದ ಮೇಲೆ ಒಂದು ಬೆಳಗುವ ಕ್ರಮ ಮಾತ್ರ ಇದೆ, ಸಮಯ ಸೆಕೆಂಡಿನ ನೂರನೇ ಭಾಗದವರೆಗೆ ಕಾಣುತ್ತದೆ, ಬೇಗ ಹೊರಟವರಿಗೆ ಕೆಂಪು ದೀಪ ಕೆಲವೊಮ್ಮೆ ಹೊತ್ತುವುದೇ ಇಲ್ಲ. ಎಡ ಲೇನ್‌ನವರೇ ಹೆಚ್ಚು ಗೆಲ್ಲುತ್ತಾರೆ ಎಂಬ ದೂರೂ ಇದೆ. ಬಣ್ಣದ ಎಲ್‌ಇಡಿ ಪಟ್ಟಿ ಹಾಕಿ, ಪ್ರೋ ಟ್ರೀ, ಪ್ರತಿಕ್ರಿಯಾ ಸಮಯ, ಹ್ಯಾಂಡಿಕ್ಯಾಪ್ ಆರಂಭ ಇವನ್ನೆಲ್ಲ ಸೇರಿಸಬೇಕೆಂದಿದ್ದೇನೆ. ಎಲ್ಲಿಂದ ಕೈ ಹಾಕಲಿ?

ಉತ್ತರ: ನಿಮ್ಮ ಪಟ್ಟಿಯಲ್ಲಿ ದೀಪಗಳು ಮೊದಲು ಬಂದಿವೆ, ಎಡ ಲೇನ್‌ನ ದೂರು ಕೊನೆಗೆ ಬಂದಿದೆ. ನಾನು ಆ ಕ್ರಮವನ್ನು ತಿರುಗಿಸಿ ಉತ್ತರಿಸುತ್ತೇನೆ. ಡ್ರ್ಯಾಗ್ ರೇಸಿನಲ್ಲಿ ಟೈಮರ್ ಗಡಿಯಾರವೂ ಹೌದು, ತೀರ್ಪುಗಾರನೂ ಹೌದು. ಎರಡೂ ಲೇನ್‌ಗಳನ್ನು ಒಂದೇ ರೀತಿ ಕಾಣುವುದು ಅದರ ಮೊದಲ ಕರ್ತವ್ಯ. ಸಮಯವನ್ನು ಎಷ್ಟು ಸೂಕ್ಷ್ಮವಾಗಿ ತೋರಿಸುತ್ತದೆ ಎಂಬುದು ಆಮೇಲಿನ ವಿಚಾರ. ನಿಮ್ಮ ವ್ಯವಸ್ಥೆಯ ವಿವರಣೆಯನ್ನು ಓದಿದಾಗ ಎಡ ಲೇನ್‌ಗೆ ಅನುಕೂಲವಾಗಬಹುದಾದ ಜಾಗಗಳು ಕಡಿಮೆಯೆಂದರೆ ನಾಲ್ಕು ಕಾಣುತ್ತವೆ. ಅವನ್ನು ಸರಿಪಡಿಸದೆ ಹೊಸ ದೀಪ ಹಾಕಿದರೆ ಹಳೆಯ ಅನ್ಯಾಯವೇ ಇನ್ನಷ್ಟು ಪ್ರಕಾಶಮಾನವಾಗಿ ಕಾಣುತ್ತದೆ.

ಮೊದಲು ಏನನ್ನು ಅಳೆಯುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ, ಏಕೆಂದರೆ ಮುಂದಿನ ಎಲ್ಲ ನಿರ್ಧಾರಗಳೂ ಅದನ್ನೇ ಅವಲಂಬಿಸಿವೆ. ದೊಡ್ಡ ಡ್ರ್ಯಾಗ್ ರೇಸಿಂಗಿನಲ್ಲಿ ಬಾವುಟ ಬೀಸಿ ಓಟ ಆರಂಭಿಸುತ್ತಿದ್ದ ಪದ್ಧತಿ ಹೋಗಿ, 1963ರಲ್ಲಿ ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎ ದೀಪಸ್ತಂಭವನ್ನು ಬಳಕೆಗೆ ತಂದಿತು. ಬಣ್ಣದ ದೀಪಗಳ ಸಾಲಿನಿಂದಾಗಿ ಅದಕ್ಕೆ ಕ್ರಿಸ್‌ಮಸ್ ಟ್ರೀ ಎಂಬ ಹೆಸರು ನಿಂತಿತು. ಆರಂಭದಲ್ಲಿ ಐದು ಹಳದಿ ದೀಪಗಳಿದ್ದವು, ಈಗ ಮೂರಿವೆ. ಕಾರಿನ ಮುಂದಿನ ಟೈರು ಆರಂಭದಲ್ಲಿ ಲೇನಿಗೆ ಅಡ್ಡವಾಗಿ ಹಾಯುವ ಪ್ರೀ-ಸ್ಟೇಜ್ ಎಂಬ ಬೆಳಕಿನ ಕಿರಣವನ್ನು ತಡೆದಾಗ ಮೊದಲ ದೀಪವೂ, ಅದರಿಂದ 7 ಇಂಚು ಮುಂದಿರುವ ಸ್ಟೇಜ್ ಕಿರಣವನ್ನು ತಡೆದಾಗ ಎರಡನೆಯ ದೀಪವೂ ಹೊತ್ತುತ್ತದೆ. ಫುಲ್ ಟ್ರೀಯಲ್ಲಿ ಹಳದಿ ದೀಪಗಳು ಅರ್ಧ ಸೆಕೆಂಡಿಗೊಂದರಂತೆ ಬೆಳಗಿ, ಕೊನೆಯ ಹಳದಿಯಾದ ಅರ್ಧ ಸೆಕೆಂಡಿಗೆ ಹಸಿರು ಬರುತ್ತದೆ. ಪ್ರೋ ಟ್ರೀಯಲ್ಲಿ ಮೂರೂ ಹಳದಿ ಒಟ್ಟಿಗೆ ಬೆಳಗಿ, 0.4 ಸೆಕೆಂಡಿಗೆ ಹಸಿರು ಬರುತ್ತದೆ. ಹಸಿರು ಬಂದ ಕ್ಷಣದಿಂದ ಟೈರು ಸ್ಟೇಜ್ ಕಿರಣವನ್ನು ಬಿಡುವವರೆಗಿನ ಅವಧಿ ಪ್ರತಿಕ್ರಿಯಾ ಸಮಯ. ಟೈರು ಕಿರಣ ಬಿಟ್ಟ ಕ್ಷಣದಿಂದ ಗುರಿಯ ಕಿರಣವನ್ನು ಮುಟ್ಟುವವರೆಗಿನ ಅವಧಿ ಓಟದ ಸಮಯ. ಓಟದ ಗಡಿಯಾರಕ್ಕೂ ಹಸಿರು ದೀಪಕ್ಕೂ ಸಂಬಂಧವಿಲ್ಲ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಮನೆಯಲ್ಲಿ ಕಟ್ಟಿದ ಎಷ್ಟೋ ಟೈಮರ್‌ಗಳು ಹಸಿರಿನಿಂದಲೇ ಎಣಿಸಲು ಶುರುಮಾಡುತ್ತವೆ.

ಇದರಿಂದ ಹುಟ್ಟುವ ಒಂದು ಸನ್ನಿವೇಶವನ್ನು ನಿಮ್ಮ ಟೈಮರ್ ಸರಿಯಾಗಿ ಹೇಳಬಲ್ಲದೇ ನೋಡಿ. ಎಡ ಲೇನ್‌ನ ಕಾರಿನ ಪ್ರತಿಕ್ರಿಯಾ ಸಮಯ 0.094, ಓಟದ ಸಮಯ 1.962 ಎಂದಿಟ್ಟುಕೊಳ್ಳಿ, ಮೊತ್ತ 2.056. ಬಲ ಲೇನ್‌ನದು 0.041 ಮತ್ತು 2.001, ಮೊತ್ತ 2.042. ಓಟದಲ್ಲಿ ನಿಧಾನವಾಗಿದ್ದ ಬಲಗಡೆಯ ಕಾರು ಗುರಿಯನ್ನು ಮೊದಲು ಮುಟ್ಟಿ 0.014 ಸೆಕೆಂಡಿನಿಂದ ಗೆದ್ದಿದೆ. ಡ್ರ್ಯಾಗ್ ರೇಸಿನ ಸೊಗಸೆಲ್ಲ ಇಂಥ ಗೆಲುವಿನಲ್ಲಿದೆ, ಮತ್ತು ನೂರನೇ ಭಾಗದವರೆಗೆ ಮಾತ್ರ ತೋರಿಸುವ ಟೈಮರ್ ಇಂಥದ್ದನ್ನೇ ಮಸುಕಾಗಿಸುತ್ತದೆ. 132 ಅಡಿ ಎಂದರೆ 40.2 ಮೀಟರ್; ಎರಡು ಸೆಕೆಂಡಿನಲ್ಲಿ ಅದನ್ನು ಓಡುವ ಕಾರಿನ ಸರಾಸರಿ ವೇಗವೇ ಸೆಕೆಂಡಿಗೆ 20 ಮೀಟರ್, ಗುರಿಯ ಬಳಿ ಅದಕ್ಕಿಂತ ಹೆಚ್ಚು. ಅಂದರೆ 0.01 ಸೆಕೆಂಡಿನಲ್ಲಿ ಕಾರು 20 ಸೆಂಟಿಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಕಣ್ಣಿಗೆ ಕಾಣುವ ಆ ಅಂತರವನ್ನು ನಿಮ್ಮ ಯಂತ್ರ ಸಮ ಎಂದು ಹೇಳುತ್ತಿದೆ.

ಇಲ್ಲಿಯೇ ಎಡ ಲೇನ್‌ನ ಮೊದಲ ಅನುಮಾನ ಇದೆ. ನಿಮ್ಮ ಪ್ರೋಗ್ರಾಮನ್ನು ತೆರೆದು ಗೆದ್ದವರನ್ನು ನಿರ್ಧರಿಸುವ ಸಾಲುಗಳನ್ನು ಓದಿ. ಎಡಗಡೆಯ ಸೆನ್ಸರನ್ನು ಮೊದಲು ಪರೀಕ್ಷಿಸಿ, ಅದು ತಡೆಯಲ್ಪಟ್ಟಿಲ್ಲದಿದ್ದರೆ ಮಾತ್ರ ಬಲಗಡೆಯದನ್ನು ನೋಡುವಂತೆ ಬರೆದಿದ್ದರೆ, ಪ್ರೋಗ್ರಾಮಿನ ಒಂದೇ ಸುತ್ತಿನಲ್ಲಿ (ಲೂಪ್) ಎರಡೂ ಕಾರು ಬಂದಾಗಲೆಲ್ಲ ಎಡಗಡೆಗೆ ಗೆಲುವು ಸಿಕ್ಕಿದೆ. ಆ ಸುತ್ತಿನೊಳಗೆ ಪರದೆಗೆ ಅಕ್ಷರ ಬರೆಯುವ ಕೆಲಸವೂ ಇದ್ದರೆ ಸುತ್ತು ಹಲವು ಮಿಲಿಸೆಕೆಂಡು ಹಿಡಿಯುತ್ತದೆ, ಪಕ್ಷಪಾತವೂ ಅಷ್ಟೇ ದೊಡ್ಡದಾಗುತ್ತದೆ. ಕೆಂಪು ದೀಪ ತಪ್ಪಿಹೋಗುವುದಕ್ಕೂ ಬಹುಶಃ ಇದೇ ಜಾತಿಯ ಕಾರಣವಿದೆ: ಹಳದಿ ದೀಪಗಳ ನಡುವೆ ಕಾಯಲು ‘ಡಿಲೇ’ ಆಜ್ಞೆ ಬಳಸಿದ್ದರೆ, ಆ ಅರ್ಧ ಸೆಕೆಂಡು ಪ್ರೋಗ್ರಾಮು ಸೆನ್ಸರುಗಳತ್ತ ನೋಡುವುದೇ ಇಲ್ಲ. ಮುಂದಿನ ಟೈರು ಕಿರಣ ಬಿಟ್ಟು, ಹಿಂದಿನ ಟೈರು ಅದನ್ನು ಮತ್ತೆ ತಡೆದು ದಾಟುವಷ್ಟರಲ್ಲಿ ಏನಾಯಿತೆಂಬುದು ಅದಕ್ಕೆ ತಿಳಿಯುವುದಿಲ್ಲ.

ಎರಡನೆಯ ಅನುಮಾನ ಸ್ಟೇಜ್ ಕಿರಣದ ಎತ್ತರ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಮಾದರಿ ಕಾರುಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ದುರಸ್ತಿ ಬೇರೊಂದಿಲ್ಲ. ಕಿರಣವು ದುಂಡನೆಯ ಟೈರನ್ನು ನೆಲದಿಂದ ಒಂದಿಷ್ಟು ಮೇಲೆ ಅಡ್ಡಲಾಗಿ ಕತ್ತರಿಸುತ್ತದೆ. ಆ ಎತ್ತರದಲ್ಲಿ ಟೈರು ಮುಂದಿನಿಂದ ಹಿಂದಕ್ಕೆ ಎಷ್ಟು ಅಗಲವೋ ಅಷ್ಟು ದೂರ ಕಾರು ಉರುಳಿದ ಮೇಲೆಯೇ ಕಿರಣ ಬಿಡುಗಡೆಯಾಗುತ್ತದೆ. ರೇಸಿನವರು ಇದನ್ನು ರೋಲ್‌ಔಟ್ ಎನ್ನುತ್ತಾರೆ. 80 ಮಿ.ಮೀ. ವ್ಯಾಸದ ಟೈರಿಗೆ ಕಿರಣ 10 ಮಿ.ಮೀ. ಎತ್ತರದಲ್ಲಿದ್ದರೆ ಆ ಅಗಲ 53 ಮಿ.ಮೀ.; 14 ಮಿ.ಮೀ. ಎತ್ತರದಲ್ಲಿದ್ದರೆ 61 ಮಿ.ಮೀ. ನಿಂತಲ್ಲಿಂದ ಹೊರಟು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 20 ಮೀಟರಿನಷ್ಟು ವೇಗ ಹೆಚ್ಚಿಸಿಕೊಳ್ಳುವ ಕಾರಿಗೆ ಮೊದಲನೆಯದನ್ನು ದಾಟಲು 73 ಮಿಲಿಸೆಕೆಂಡು, ಎರಡನೆಯದಕ್ಕೆ 78 ಮಿಲಿಸೆಕೆಂಡು ಬೇಕು. ಸೆನ್ಸರಿನ ಕಂಬವೊಂದು ನಾಲ್ಕು ಮಿಲಿಮೀಟರ್ ಮೇಲಿದ್ದರೆ ಸಾಕು, ಆ ಲೇನ್‌ನ ಚಾಲಕನಿಗೆ ಕೆಂಪು ದೀಪದ ಭಯವಿಲ್ಲದೆ ಐದು ಮಿಲಿಸೆಕೆಂಡು ಮೊದಲೇ ಟ್ರಿಗರ್ ಒತ್ತುವ ಅವಕಾಶ ಸಿಗುತ್ತದೆ. ಓಟದ ಸಮಯವೂ ಅವನದ್ದು ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಗಡಿಯಾರ ಶುರುವಾಗುವಾಗ ಅವನ ಕಾರು ಹೆಚ್ಚು ವೇಗ ಪಡೆದಿರುತ್ತದೆ. ಗುರಿಯ ಕಡೆ ಇದೇ ನಾಲ್ಕು ಮಿಲಿಮೀಟರಿನ ಬೆಲೆ ಒಂದು ಮಿಲಿಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ. ಆದ್ದರಿಂದ ನಿಮ್ಮ ತಾಳ್ಮೆಯ ಬಹುಪಾಲನ್ನು ಆರಂಭದ ತುದಿಯಲ್ಲಿ ಖರ್ಚು ಮಾಡಿ.

ಎತ್ತರ ಎಷ್ಟಿರಬೇಕು ಎಂಬುದಕ್ಕೆ ಕಾರುಗಳೇ ಉತ್ತರ ಕೊಡುತ್ತವೆ. ಮುಂದಿನ ಟೈರು ದಾಟಿದ ಮೇಲೆ ಚಾಸಿ ಕಿರಣವನ್ನು ಹಿಡಿದಿಡಬಾರದು, ಹಾಗಾಗಿ ಕಿರಣ ಚಾಸಿಯ ತಳಕ್ಕಿಂತ ಕೆಳಗಿರಬೇಕು. 2.2 ಇಂಚಿನ ರಿಮ್ಮಿಗೆ 80 ಮಿ.ಮೀ. ಟೈರು ಹಾಕಿದಾಗ ರಿಮ್ಮಿನ ಕೆಳ ಅಂಚು ನೆಲದಿಂದ ಸುಮಾರು 12 ಮಿ.ಮೀ. ಮೇಲೆ ಬರುತ್ತದೆ, ಕಿರಣ ಅದಕ್ಕಿಂತ ಮೇಲಿದ್ದರೆ ಕಡ್ಡಿಗಳ ಸಂದಿನಿಂದ ತೂರಿಹೋಗಿ ಸುಳ್ಳು ಸಂಕೇತ ಕೊಡಬಹುದು. ಹೀಗಾಗಿ 8ರಿಂದ 10 ಮಿ.ಮೀ. ಒಳ್ಳೆಯ ಎತ್ತರ. ಒಂದೇ ಅಲ್ಯೂಮಿನಿಯಂ ತುಂಡಿನಲ್ಲಿ ತೂತು ಕೊರೆದು ಅಳತೆಗೋಲು ಮಾಡಿಕೊಂಡು, ನಾಲ್ಕೂ ಆರಂಭದ ಕಿರಣಗಳನ್ನು ಅದೇ ತುಂಡಿನಿಂದ ಹೊಂದಿಸಿ. ಪಾರ್ಕಿಂಗ್ ಜಾಗದ ನೆಲ ಸಮತಟ್ಟಾಗಿರುವುದಿಲ್ಲವಾದ್ದರಿಂದ ಎತ್ತರವನ್ನು ಕಂಬದ ಬುಡದಿಂದ ಅಳೆಯದೆ, ಟೈರು ನಿಲ್ಲುವ ಜಾಗದಿಂದಲೇ ಅಳೆಯಬೇಕು. ಬಾಡಿಯ ಮೂತಿ ಆ ಎತ್ತರಕ್ಕಿಂತ ಕೆಳಗೆ ಇಳಿದಿದ್ದರೆ ಟೈರಿಗಿಂತ ಮೊದಲು ಮೂತಿಯೇ ಕಿರಣವನ್ನು ತಡೆದು ರೋಲ್‌ಔಟ್ ಬಹಳ ಹಿಗ್ಗುತ್ತದೆ. ಅದೇ ಅಳತೆಗೋಲಿನಿಂದ ಕಾರುಗಳನ್ನೂ ತಪಾಸಣೆ ಮಾಡಿ. ಕಾರನ್ನು ಸೊಟ್ಟಗೆ ನಿಲ್ಲಿಸುವವರ ಮೇಲೂ ಕಣ್ಣಿರಲಿ. ಎರಡು ಮುಂದಿನ ಟೈರುಗಳ ನಡುವೆ 250 ಮಿ.ಮೀ. ಇರುವ ಕಾರು ಎರಡು ಡಿಗ್ರಿ ತಿರುಗಿ ನಿಂತರೂ ಒಂದು ಟೈರು ಇನ್ನೊಂದಕ್ಕಿಂತ 9 ಮಿ.ಮೀ. ಮುಂದಿರುತ್ತದೆ, ಕಿರಣ ಅಷ್ಟು ಹೆಚ್ಚು ಹೊತ್ತು ಮುಚ್ಚಿರುತ್ತದೆ.

ಪ್ರೀ-ಸ್ಟೇಜ್ ಅಂತರವನ್ನು ಅಳತೆಗೆ ತಕ್ಕಂತೆ ಇಳಿಸಿದರೆ 7 ಇಂಚು 17.8 ಮಿ.ಮೀ. ಆಗುತ್ತದೆ. ಎರಡು ಕಿರಣಗಳು ಇಷ್ಟು ಹತ್ತಿರವಿದ್ದಾಗ ಒಂದರ ಬೆಳಕು ಇನ್ನೊಂದರ ರಿಸೀವರಿಗೆ ಬೀಳುತ್ತದೆ. ಪ್ರೀ-ಸ್ಟೇಜಿನ ಬೆಳಕನ್ನು ಹೊರಗಿನಿಂದ ಒಳಕ್ಕೂ, ಸ್ಟೇಜಿನ ಬೆಳಕನ್ನು ಒಳಗಿನಿಂದ ಹೊರಕ್ಕೂ ಹಾಯಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ರಿಸೀವರನ್ನು ಕಪ್ಪು ಕೊಳವೆಯೊಳಗೆ ಹಿಂದಕ್ಕೆ ಕೂರಿಸಿ, ಬಾಯಿಗೆ ಎರಡು ಮಿಲಿಮೀಟರ್ ತೂತು ಬಿಡಿ.

ಮೂರನೆಯ ಅನುಮಾನ ಸೂರ್ಯ. ನೀವು ಸಂಜೆ ಓಡಿಸುತ್ತೀರಿ; ಇಳಿಬಿಸಿಲು ನೇರವಾಗಿ ಒಂದು ಲೇನ್‌ನ ರಿಸೀವರುಗಳ ಮುಖಕ್ಕೆ ಬೀಳುತ್ತಿದ್ದು, ಇನ್ನೊಂದರವು ಬೆನ್ನು ತಿರುಗಿಸಿದ್ದರೆ ಎರಡರ ಸ್ವಭಾವವೂ ಬೇರೆಯಾಗುತ್ತದೆ. ಹಾಗೆಂದು ಸಾದಾ ಫೋಟೊಟ್ರಾನ್ಸಿಸ್ಟರ್ (ಬೆಳಕು ಬಿದ್ದಾಗ ವಿದ್ಯುತ್ ಹರಿಯಬಿಡುವ ಭಾಗ) ಹಾಕಿದರೆ ಬಿಸಿಲಿಗೆ ಅದು ಪೂರ್ತಿ ತೆರೆದುಕೊಂಡು ಟೈರು ಬಂದದ್ದನ್ನೇ ಕಾಣದಿರಬಹುದು. 38 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಬೆಳಕನ್ನು ಮಾತ್ರ ಗುರುತಿಸುವ ರಿಸೀವರ್ ಬಿಸಿಲಿಗೆ ಸರಿಯಾದ ಆಯ್ಕೆಯೇ, ಆದರೆ ನೀವು ತಂದಿರುವ ಟಿವಿ ರಿಮೋಟ್ ಬಗೆಯದ್ದು (ಟಿಎಸ್‌ಒಪಿ 1738ರಂಥದ್ದು) ಅಲ್ಲ. ಅದು ರಿಮೋಟಿನ ಚಿಕ್ಕ ಚಿಕ್ಕ ಸಂಕೇತಗಳಿಗಾಗಿ ತಯಾರಾದದ್ದು. ನಿರಂತರವಾಗಿ ಒಂದೇ ಮಿಡಿತ ಬೀಳುತ್ತಿದ್ದರೆ ಅದನ್ನು ಗದ್ದಲವೆಂದು ತಿಳಿದು ತನ್ನ ಸೂಕ್ಷ್ಮತೆಯನ್ನು ತಾನೇ ಇಳಿಸಿಕೊಳ್ಳುತ್ತದೆ, ಕೊನೆಗೆ ಕಿರಣ ಇದ್ದರೂ ಇಲ್ಲವೆಂದು ಹೇಳುತ್ತದೆ. ಇದೇ ಮನೆತನದಲ್ಲಿ ಬೆಳಕಿನ ತಡೆಗಳಿಗೆಂದೇ ಮಾಡಿದ ಟಿಎಸ್‌ಎಸ್‌ಪಿ 4038 ಇದೆ. ಅದು ನಿರಂತರ ಮಿಡಿತವನ್ನು ಒಪ್ಪಿಕೊಳ್ಳುತ್ತದೆ. ಇಂಥ ರಿಸೀವರುಗಳು ನಿರ್ಧಾರಕ್ಕೆ ಬರುವ ಮುನ್ನ ಕೆಲವು ಮಿಡಿತಗಳನ್ನು ಎಣಿಸುತ್ತವೆ. ಒಂದು ಮಿಡಿತಕ್ಕೆ 26 ಮೈಕ್ರೊಸೆಕೆಂಡಿನಂತೆ ಹತ್ತು ಮಿಡಿತಕ್ಕೆ ಸುಮಾರು ಕಾಲು ಮಿಲಿಸೆಕೆಂಡು ತಡವಾಗುತ್ತದೆ. ಎರಡೂ ಲೇನ್‌ಗೆ ಒಂದೇ ಭಾಗ ಬಳಸಿದರೆ ತಡವೂ ಬಹುಪಾಲು ಒಂದೇ, ಆದರೆ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಸಾಧ್ಯವಾದರೆ ಟ್ರ್ಯಾಕನ್ನು ಪೂರ್ವ-ಪಶ್ಚಿಮವಾಗಿ ಹಾಕಿ. ಆಗ ಲೇನಿಗೆ ಅಡ್ಡವಾಗಿರುವ ಕಿರಣಗಳು ಉತ್ತರ-ದಕ್ಷಿಣವಾಗಿ ನಿಂತು ಇಳಿಬಿಸಿಲಿನಿಂದ ತಪ್ಪಿಸಿಕೊಳ್ಳುತ್ತವೆ. ಚಾಲಕರ ಕಣ್ಣಿಗೆ ಬಿಸಿಲು ಬೀಳದಂತೆ ಸಂಜೆ ಪೂರ್ವಕ್ಕೆ ಮುಖ ಮಾಡಿ ಓಡಿಸಿದರೆ ಆಯಿತು, ಆದರೆ ಆಗ ಬಿಸಿಲು ದೀಪಸ್ತಂಭದ ಮುಖಕ್ಕೇ ಬೀಳುವುದರಿಂದ ಪ್ರತಿ ದೀಪದ ಮೇಲೂ ಒಂದು ಚಾಚಿದ ಮುಚ್ಚಿಗೆ ಕೂರಿಸುವುದು ಅನಿವಾರ್ಯ.

ನಾಲ್ಕನೆಯದು ಬಲ್ಬು. ತಂತಿಯ ಬಲ್ಬು ಕಾದು ಕಣ್ಣಿಗೆ ಎದ್ದು ಕಾಣುವಷ್ಟು ಬೆಳಗಲು ಹತ್ತಾರು ಮಿಲಿಸೆಕೆಂಡು ಬೇಕು, ಮತ್ತು ಆ ಅವಧಿ ಬಲ್ಬಿನ ವ್ಯಾಟೇಜು, ವಯಸ್ಸು, ತಂತಿಯ ಜೋಡಣೆ ಇವುಗಳೊಂದಿಗೆ ಬದಲಾಗುತ್ತದೆ. ಸುಟ್ಟುಹೋದ ಬಲ್ಬಿನ ಜಾಗಕ್ಕೆ ಸಿಕ್ಕಿದ್ದನ್ನು ಹಾಕುತ್ತಾ ಬಂದ ಹಳೆಯ ಟ್ರೀಯಲ್ಲಿ ಎರಡು ಲೇನ್‌ಗಳ ಕೊನೆಯ ಹಳದಿ ದೀಪಗಳು ಒಂದೇ ಕ್ಷಣಕ್ಕೆ ಬೆಳಗುತ್ತವೆ ಎಂದು ನಂಬಲು ಕಾರಣವಿಲ್ಲ. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲಿ ಚಿತ್ರೀಕರಿಸಿ ಒಂದೊಂದೇ ಚಿತ್ರವನ್ನು ಮುಂದಕ್ಕೆ ಸರಿಸಿ ನೋಡಿದರೆ ನಾಲ್ಕು ಮಿಲಿಸೆಕೆಂಡಿನ ಮಟ್ಟಕ್ಕೆ ಇದು ಬಯಲಾಗುತ್ತದೆ. ಹಳೆಯ ಟ್ರೀಯನ್ನು ಬಿಚ್ಚುವ ಮುನ್ನ ಈ ಚಿತ್ರೀಕರಣವನ್ನು ಖಂಡಿತ ಮಾಡಿ. ದೂರು ಕೊಟ್ಟ ಸದಸ್ಯರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಎಲ್‌ಇಡಿಗೆ ಬದಲಾಯಿಸುವ ನಿಮ್ಮ ನಿರ್ಧಾರ ಸರಿ, ಆದರೆ ಬಣ್ಣದ ಪಟ್ಟಿ ಬೇಡ. ಡಬ್ಲ್ಯುಎಸ್ 2812 ಬಗೆಯ ಪಟ್ಟಿಗೆ ಪ್ರತಿ ಎಲ್‌ಇಡಿಯ ಮಾಹಿತಿ ಕಳಿಸಲು 30 ಮೈಕ್ರೊಸೆಕೆಂಡು ಬೇಕು, ಮತ್ತು ಆರ್ಡುಯಿನೊ ಊನೊದಂಥ ಬೋರ್ಡುಗಳಲ್ಲಿ ಸಾಮಾನ್ಯ ಲೈಬ್ರರಿಗಳು ಅಷ್ಟು ಹೊತ್ತು ಎಲ್ಲ ಇಂಟರಪ್ಟ್‌ಗಳನ್ನೂ (ಸಂಕೇತ ಬಂದ ಕೂಡಲೇ ಕೈಯಲ್ಲಿರುವ ಕೆಲಸ ಬಿಟ್ಟು ಅದನ್ನು ಗಮನಿಸುವ ಏರ್ಪಾಡು) ನಿಲ್ಲಿಸಿಬಿಡುತ್ತವೆ. ಹದಿನಾಲ್ಕು ದೀಪ, ಒಂದೊಂದಕ್ಕೆ ಹನ್ನೆರಡು ಎಲ್‌ಇಡಿ ಎಂದರೆ 168. ಒಂದು ಸಲ ಪಟ್ಟಿಯನ್ನು ಬದಲಿಸಲು 5 ಮಿಲಿಸೆಕೆಂಡು. ಆ ಬೋರ್ಡಿನ ಒಳಗಡಿಯಾರ ಪ್ರತಿ 1.024 ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಮೂಲಕ ತನ್ನ ಲೆಕ್ಕವನ್ನು ಮುಂದಕ್ಕೆ ಒಯ್ಯುತ್ತದೆ, ತಡೆಹಿಡಿದಾಗ ಅಂಥ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಪರಿಣಾಮವಾಗಿ ಪ್ರತಿ ಸಲ ದೀಪ ಬದಲಾದಾಗಲೂ ಗಡಿಯಾರದಿಂದಲೇ ಮೂರು ನಾಲ್ಕು ಮಿಲಿಸೆಕೆಂಡು ಮಾಯವಾಗುತ್ತದೆ, ಅದೂ ಹಸಿರು ಹೊತ್ತುವ ಹೊತ್ತಿನಲ್ಲಿ, ಕಾರುಗಳು ಕಿರಣ ಬಿಡುತ್ತಿರುವಾಗ. ನೋಡಲು ಅಂದವಾದ ಈ ಪಟ್ಟಿ ಟೈಮರಿನೊಳಗೆ ಇರಲೇಬಾರದ ವಸ್ತು.

ಅದರ ಬದಲು ಲಾರಿ, ಟ್ರೇಲರ್‌ಗಳಿಗೆ ಹಾಕುವ 12 ವೋಲ್ಟಿನ ದುಂಡು ಎಲ್‌ಇಡಿ ದೀಪಗಳನ್ನು ಹುಡುಕಿ. ಅವು ಬಿಸಿಲಿನಲ್ಲಿ ಕಾಣುವಷ್ಟು ಪ್ರಖರವಾಗಿರುತ್ತವೆ, ಮಳೆಗೆ ಜಗ್ಗುವುದಿಲ್ಲ, ಒಳಗೇ ರೆಸಿಸ್ಟರ್ ಇರುತ್ತದೆ. ಅವನ್ನು ಓಡಿಸಲು ಯುಎಲ್‌ಎನ್ 2803 ಚಿಪ್ಪು ಸಾಕು. ಅದರಲ್ಲಿ ಎಂಟು ಚಾನೆಲ್‌ಗಳಿವೆ, ಒಂದು ಲೇನ್‌ಗೆ ಬೇಕಾದದ್ದು ಏಳು: ಪ್ರೀ-ಸ್ಟೇಜ್, ಸ್ಟೇಜ್, ಮೂರು ಹಳದಿ, ಹಸಿರು, ಕೆಂಪು. ಲೇನಿಗೊಂದು ಚಿಪ್ಪು ಇಟ್ಟು, ಉಳಿದ ಎಂಟನೆಯದನ್ನು ಗುರಿಯ ಬಳಿಯ ಗೆಲುವಿನ ದೀಪಕ್ಕೆ ಕೊಡಿ. ಚಿಪ್ಪು ತನ್ನಲ್ಲಿಯೇ ಸುಮಾರು ಒಂದು ವೋಲ್ಟ್ ಉಳಿಸಿಕೊಳ್ಳುತ್ತದೆ, ದೀಪಗಳಿಗೆ ಅದರಿಂದ ತೊಂದರೆಯಿಲ್ಲ. ಎಲ್‌ಇಡಿ ಹಾಕಿದ ಮೊದಲ ಸಂಜೆಗಳಲ್ಲಿ ಕೆಂಪು ದೀಪಗಳು ಧಾರಾಳವಾಗಿ ಬರುತ್ತವೆ ಎಂದು ಸದಸ್ಯರಿಗೆ ಮೊದಲೇ ತಿಳಿಸಿ. ಬಲ್ಬು ಕಾಯುವ ವಿಳಂಬಕ್ಕೆ ಕೈ ಒಗ್ಗಿಸಿಕೊಂಡಿದ್ದವರಿಗೆ ಈಗ ಹಳದಿ ಬೇಗ ಕಾಣುತ್ತದೆ, ಹಾಗಾಗಿ ಅವರು ಬೇಗ ಹೊರಡುತ್ತಾರೆ. ದೊಡ್ಡ ರೇಸುಗಳಲ್ಲಿ ಬಲ್ಬು ಹೋಗಿ ಎಲ್‌ಇಡಿ ಬಂದಾಗಲೂ ಚಾಲಕರು ತಮ್ಮ ಲೆಕ್ಕವನ್ನು ಬದಲಿಸಿಕೊಳ್ಳಬೇಕಾಯಿತು.

ಈಗ ಬೋರ್ಡಿನ ವಿಚಾರ. ಹದಿನಾಲ್ಕು ದೀಪ, ಆರು ಸೆನ್ಸರು ಸೇರಿ ಇಪ್ಪತ್ತು ಪಿನ್ ಬೇಕು. ಊನೊದಲ್ಲಿ ಒಟ್ಟು ಇರುವುದೇ ಇಪ್ಪತ್ತು, ಅದರಲ್ಲಿ ಎರಡು ಕಂಪ್ಯೂಟರಿನೊಂದಿಗೆ ಮಾತನಾಡಲು ಹೋಗುತ್ತವೆ. ಹೆಚ್ಚು ಪಿನ್‌ಗಳಿರುವ ಆರ್ಡುಯಿನೊ ಮೆಗಾ 2560ಕ್ಕೆ ಹೋಗುವುದು ಸರಳ ದಾರಿ. ಅದರಲ್ಲಿ 22ರಿಂದ 29ರವರೆಗಿನ ಪಿನ್‌ಗಳು ಸೇರಿ ಎ ಎಂಬ ಒಂದು ಪೋರ್ಟ್, 30ರಿಂದ 37ರವರೆಗಿನವು ಸೇರಿ ಸಿ ಎಂಬ ಇನ್ನೊಂದು ಪೋರ್ಟ್. ಎಡ ಲೇನ್‌ನ ದೀಪಗಳನ್ನೆಲ್ಲ ಎ ಪೋರ್ಟಿಗೂ ಬಲ ಲೇನ್‌ನವನ್ನು ಸಿ ಪೋರ್ಟಿಗೂ ಜೋಡಿಸಿದರೆ, ಪ್ರೋ ಟ್ರೀಯ ಮೂರೂ ಹಳದಿಗಳು ಒಂದೇ ಆಜ್ಞೆಗೆ ಹೊತ್ತುತ್ತವೆ, ಎರಡು ಲೇನ್‌ಗಳ ನಡುವೆ ಒಂದು ಮೈಕ್ರೊಸೆಕೆಂಡಿನಷ್ಟೂ ಅಂತರ ಇರುವುದಿಲ್ಲ. 2, 3, 18, 19 ಈ ನಾಲ್ಕು ಇಂಟರಪ್ಟ್ ಪಿನ್‌ಗಳನ್ನು ಎರಡು ಸ್ಟೇಜ್, ಎರಡು ಗುರಿ ಸೆನ್ಸರುಗಳಿಗೆ ಕೊಡಿ. ಪ್ರೀ-ಸ್ಟೇಜಿಗೆ ಆತುರವಿಲ್ಲ, ಸಾಮಾನ್ಯ ಪಿನ್ ಸಾಕು. 20 ಮತ್ತು 21 ಪರದೆಗೆ ಉಳಿಯುತ್ತವೆ.

ಪ್ರೋಗ್ರಾಮನ್ನು ಹೊಸದಾಗಿ ಬರೆಯಿರಿ. ಹಳೆಯದಕ್ಕೆ ತೇಪೆ ಹಾಕಬೇಡಿ. ಇಂಟರಪ್ಟ್ ಬಂದಾಗ ಗಡಿಯಾರ ಓದಿ ಬರೆದಿಟ್ಟುಕೊಳ್ಳುವುದೊಂದೇ ಅದರ ಕೆಲಸವಾಗಲಿ. ಗಡಿಯಾರ ಓದುವ ‘ಮೈಕ್ರೋಸ್’ ಆಜ್ಞೆಯ ಓದು 4 ಮೈಕ್ರೊಸೆಕೆಂಡಿನ ಹೆಜ್ಜೆಯಲ್ಲಿ ಸಿಗುತ್ತದೆ, ನಿಮ್ಮ ಅಗತ್ಯಕ್ಕೆ ಅದು ಧಾರಾಳ. ಎಂಟು ಬಿಟ್‌ನ ಪ್ರೊಸೆಸರ್ ನಾಲ್ಕು ಬೈಟಿನ ಆ ಸಂಖ್ಯೆಯನ್ನು ತುಂಡುತುಂಡಾಗಿ ಓದುವುದರಿಂದ, ಮುಖ್ಯ ಪ್ರೋಗ್ರಾಮು ಅದನ್ನು ನಕಲು ಮಾಡಿಕೊಳ್ಳುವ ಕ್ಷಣಕ್ಕೆ ಮಾತ್ರ ಇಂಟರಪ್ಟ್ ನಿಲ್ಲಿಸಿ, ಕೂಡಲೇ ಬಿಡಿ. ಟ್ರೀ ಶುರುವಾದ ಮೇಲೆ ಸ್ಟೇಜ್ ಕಿರಣ ಮೊದಲ ಸಲ ತೆರೆದದ್ದು ಮಾತ್ರ ಲೆಕ್ಕಕ್ಕೆ; ಆ ತೆರವು ಎರಡು ಮಿಲಿಸೆಕೆಂಡು ಹಾಗೆಯೇ ಉಳಿದರೆ ಅದನ್ನು ನಿಜವೆಂದು ಒಪ್ಪಿ, ಆದರೆ ಸಮಯವನ್ನು ಮೊದಲ ಅಂಚಿನಿಂದಲೇ ತೆಗೆದುಕೊಳ್ಳಿ. ಕೆಂಪು ದೀಪದ ತೀರ್ಪನ್ನು ‘ಈಗ ಹಸಿರು ಉರಿಯುತ್ತಿದೆಯೇ’ ಎಂದು ಕೇಳಿ ಕೊಡಬೇಡಿ. ಬಿಟ್ಟ ಕ್ಷಣದ ಸಂಖ್ಯೆ ಹಸಿರಿನ ಸಂಖ್ಯೆಗಿಂತ ಚಿಕ್ಕದೇ ಎಂದು ಹೋಲಿಸಿ ಕೊಡಿ. ಆಗ ಪ್ರತಿಕ್ರಿಯಾ ಸಮಯ ತಾನಾಗಿಯೇ ಋಣಸಂಖ್ಯೆಯಾಗಿ, ಎಷ್ಟು ಬೇಗ ಹೊರಟರು ಎಂಬುದನ್ನೂ ಹೇಳುತ್ತದೆ. ಮುಂದಿನ ಟೈರು ಎದ್ದು ಹೋಗುವಂತೆ ಹೊರಡುವ ಕಾರುಗಳು ಉರುಳುವ ಮೊದಲೇ ಕಿರಣವನ್ನು ತೆರೆದು ಕೆಂಪು ಪಡೆಯುತ್ತವೆ; ಅದು ಟೈಮರಿನ ದೋಷವಲ್ಲ, ವ್ಹೀಲಿ ಬಾರ್ (ಮೂತಿ ಹೆಚ್ಚು ಏಳದಂತೆ ತಡೆಯುವ ಹಿಂಬದಿಯ ಸರಳು) ಹೊಂದಿಸಿಕೊಳ್ಳುವುದು ಚಾಲಕರ ಕೆಲಸ.

ಹ್ಯಾಂಡಿಕ್ಯಾಪ್ ಸೇರಿಸುವುದು ಈ ವಿನ್ಯಾಸದಲ್ಲಿ ಸುಲಭ. ಪ್ರತಿ ಲೇನಿಗೂ ತನ್ನದೇ ಆರಂಭದ ಕ್ಷಣ, ತನ್ನದೇ ಹಸಿರಿನ ಕ್ಷಣ ಇರಲಿ. ಒಬ್ಬರು 2.10, ಇನ್ನೊಬ್ಬರು 1.95 ಎಂದು ತಮ್ಮ ಸಮಯ ಘೋಷಿಸಿದರೆ ನಿಧಾನದ ಲೇನ್ 0.15 ಸೆಕೆಂಡು ಮೊದಲು ಶುರುವಾಗುತ್ತದೆ, ಘೋಷಿಸಿದ್ದಕ್ಕಿಂತ ವೇಗವಾಗಿ ಓಡಿದವರು ಸೋಲುತ್ತಾರೆ. ಇಬ್ಬರೂ ಕೆಂಪು ಪಡೆದರೆ ಯಾರು ಸೋತಂತೆ ಎಂಬುದನ್ನು ಮಾತ್ರ ಗುಂಪು ಕೂತು ತೀರ್ಮಾನಿಸಬೇಕು. ಒಟ್ಟಿಗೆ ಹೊರಡುವ ಪ್ರೋ ಟ್ರೀಯಲ್ಲಿ ಮೊದಲು ಹೊರಟವರೇ ಹೆಚ್ಚು ತಪ್ಪಿದವರು, ಗೊಂದಲವಿಲ್ಲ. ಹ್ಯಾಂಡಿಕ್ಯಾಪಿನಲ್ಲಿ ನಿಧಾನದ ಕಾರು ಕೂದಲೆಳೆಯಷ್ಟು ಬೇಗ ಹೊರಟು, ಆಮೇಲೆ ವೇಗದ ಕಾರು ಬಹಳ ಬೇಗ ಹೊರಟರೆ, ಮೊದಲು ತಪ್ಪಿದವರು ಸೋಲಬೇಕೆಂಬ ನಿಯಮ ನಿಧಾನದವರಿಗೆ ಅನ್ಯಾಯ ಮಾಡುತ್ತದೆ. ಹೆಚ್ಚು ತಪ್ಪಿದವರು ಸೋಲಲಿ ಎಂಬುದು ನನ್ನ ಸಲಹೆ.

ಪ್ರೋ ಟ್ರೀಯಲ್ಲಿ ಇನ್ನೊಂದು ಎಚ್ಚರ ಬೇಕು. ಎರಡೂ ಕಾರು ಅರ್ಧ ಸೆಕೆಂಡು ಅಲುಗದೆ ಸ್ಟೇಜ್ ಆದ ಮೇಲೆ ಹಳದಿ ಬರುವ ಮುನ್ನ ಒಂದು ಅನಿಶ್ಚಿತ ವಿರಾಮ ಇರಲೇಬೇಕು, ಇಲ್ಲದಿದ್ದರೆ ಚಾಲಕರು ದೀಪ ನೋಡದೆ ಮನಸ್ಸಿನಲ್ಲಿ ಎಣಿಸಿ ಹೊರಡುತ್ತಾರೆ. ಆರ್ಡುಯಿನೊ ಕೊಡುವ ಯಾದೃಚ್ಛಿಕ ಸಂಖ್ಯೆಗಳು ಬೋರ್ಡನ್ನು ಆನ್ ಮಾಡಿದಾಗಲೆಲ್ಲ ಅದೇ ಕ್ರಮದಲ್ಲಿ ಬರುತ್ತವೆ. ಗಮನವಿಟ್ಟು ನೋಡುವ ಸದಸ್ಯರೊಬ್ಬರು ಸಾಕು, ಆ ಕ್ರಮ ಪತ್ತೆಯಾಗುತ್ತದೆ. ಕಾರು ಸ್ಟೇಜ್ ಆದ ಕ್ಷಣದ ಮೈಕ್ರೊಸೆಕೆಂಡ್ ಸಂಖ್ಯೆಯನ್ನೇ ಆ ಕ್ರಮಕ್ಕೆ ಬೀಜವಾಗಿ, ಅಂದರೆ ಶುರುವಿನ ಸಂಖ್ಯೆಯಾಗಿ ಕೊಟ್ಟರೆ ಸಮಸ್ಯೆ ಮುಗಿಯಿತು.

ಗುರಿಯ ವೈಫೈಯನ್ನು ತೆಗೆದುಬಿಡಿ. ನಿಮ್ಮ ಕಾರುಗಳ ರೇಡಿಯೊಗಳು ಬಹುತೇಕ 2.4 ಗಿಗಾಹರ್ಟ್ಸ್‌ನಲ್ಲಿಯೇ ಇರುತ್ತವೆ, ಸಾಮಾನ್ಯವಾಗಿ ನಿಮ್ಮ ವೈಫೈ ಮಾಡ್ಯೂಲೂ ಅಲ್ಲಿಯೇ. ಸಂದೇಶ ತಲುಪದಿದ್ದರೆ ಅದು ಮತ್ತೆ ಕಳಿಸುತ್ತದೆ, ಹಾಗಾಗಿ ಒಂದು ಲೇನ್‌ನ ಸಂದೇಶ ಬೇಗ, ಇನ್ನೊಂದರದು ಹತ್ತಾರು ಮಿಲಿಸೆಕೆಂಡು ತಡವಾಗಿ ಬರುವುದು ಸಾಮಾನ್ಯ. ಜಾಲಕ್ಕೆ ಬಳಸುವ ತಿರುಚಿದ ಜೋಡಿಗಳ ಕೇಬಲನ್ನು 45 ಮೀಟರ್ ಎಳೆದು, ಗುರಿಯ ಕಡೆಯಿಂದ ಉದ್ದ ತಂತಿಯಲ್ಲಿ ಸಂಕೇತ ಕಳಿಸುವ ಆರ್‌ಎಸ್ 485 ಚಿಪ್ಪಿನ ಮೂಲಕ ಪ್ರತಿ ಲೇನಿಗೊಂದು ಜೋಡಿಯಲ್ಲಿ ಸಂಕೇತ ಕಳಿಸಿ. ಎರಡೂ ಲೇನ್ ಒಂದೇ ಕೇಬಲಿನಲ್ಲಿ ಬರುವುದರಿಂದ ವಿಳಂಬ ಸಮಾನ, ಅದೂ ಮೈಕ್ರೊಸೆಕೆಂಡಿಗಿಂತ ಕಡಿಮೆ. ಕೇಬಲಿನ ಮೇಲೆ ಕಾರು ಹಾಯದಂತೆ ಲೇನ್‌ನ ಹೊರಗೆ ಎಳೆದರೆ ಸಾಕು.

ಗಡಿಯಾರದ ನಿಖರತೆಯ ಬಗ್ಗೆ ಒಂದು ಮಾತು. ಆರ್ಡುಯಿನೊ ಬೋರ್ಡುಗಳಲ್ಲಿ ಮುಖ್ಯ ಚಿಪ್ಪಿಗೆ ಬಡಿತ ಕೊಡುವುದು ಹೆಚ್ಚಾಗಿ ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್. ಅದರ ದೋಷ ಶೇಕಡಾ ಅರ್ಧದವರೆಗೂ ಹೋಗಬಹುದು. ಎರಡು ಸೆಕೆಂಡಿನ ಓಟಕ್ಕೆ ಅದು 10 ಮಿಲಿಸೆಕೆಂಡು. ಎರಡೂ ಲೇನ್‌ಗೆ ಅದೇ ಗಡಿಯಾರವಾದ್ದರಿಂದ ಯಾರು ಗೆದ್ದರು ಎಂಬುದು ಬದಲಾಗುವುದಿಲ್ಲ, ಆದರೆ ಬೇರೆ ಊರಿನ ಟ್ರ್ಯಾಕಿನ ಸಮಯದೊಂದಿಗೆ ಹೋಲಿಸಿದರೆ ನಿಮ್ಮ ದಾಖಲೆಗಳು ಸುಳ್ಳಾಗುತ್ತವೆ. ನಿಯೋ 6ಎಂ ತರಹದ ಜಿಪಿಎಸ್ ಮಾಡ್ಯೂಲಿನಿಂದ ಸೆಕೆಂಡಿಗೊಂದು ಮಿಡಿತ ಸಿಗುತ್ತದೆ. ಅದನ್ನು ಇಂಟರಪ್ಟ್ ಪಿನ್ನಿಗೆ ಕೊಟ್ಟು ಎರಡು ಮಿಡಿತಗಳ ನಡುವೆ ಎಷ್ಟು ಮೈಕ್ರೊಸೆಕೆಂಡು ಎಂದು ಓದಿ. 10,00,000 ಬರಬೇಕಾದಲ್ಲಿ 10,01,800 ಬಂದರೆ, ಎಲ್ಲ ಸಮಯಗಳನ್ನೂ 1.0018ರಿಂದ ಭಾಗಿಸುವ ಸಾಲೊಂದನ್ನು ಸೇರಿಸಿ.

ಎಲ್ಲ ಜೋಡಿಸಿದ ಮೇಲೆ ಕಾರು ಓಡಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದೇ ಸೆನ್ಸರಿನ ತಂತಿಯನ್ನು ಎರಡೂ ಲೇನ್‌ಗಳ ಸ್ಟೇಜ್ ಪಿನ್ನಿಗೆ ಸೇರಿಸಿ ಕಿರಣವನ್ನು ತಡೆದು ಬಿಡಿ. ಎರಡು ಸಮಯಗಳ ವ್ಯತ್ಯಾಸ ಕೆಲವು ಮೈಕ್ರೊಸೆಕೆಂಡಿಗಿಂತ ಹೆಚ್ಚಿದ್ದರೆ ದೋಷ ಪ್ರೋಗ್ರಾಮಿನಲ್ಲಿದೆ. ಆಮೇಲೆ ಎರಡೂ ಲೇನ್‌ಗಳಿಗೆ ಅಡ್ಡವಾಗುವಷ್ಟು ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಒಂದು ಚೌಕಟ್ಟಿಗೆ ಆನಿಸಿ ಗುರಿಯ ಕಿರಣಗಳತ್ತ ನಿಧಾನವಾಗಿ ತಳ್ಳಿ. ಕೈಯಿಂದ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಳ್ಳಿದಾಗ ಒಂದು ಮಿಲಿಮೀಟರಿನ ತಪ್ಪು ಒಂದು ಮಿಲಿಸೆಕೆಂಡಾಗಿ ಕಾಣುತ್ತದೆ, ಕಾರಿನ ವೇಗದಲ್ಲಿ ಅಡಗಿಹೋಗುವುದು ಇಲ್ಲಿ ಬಯಲಾಗುತ್ತದೆ. ಪಟ್ಟಿಯ ಎಡ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಮತ್ತೆ ತಳ್ಳಿ. ವ್ಯತ್ಯಾಸವೂ ಪಕ್ಕ ಬದಲಿಸಿದರೆ ತಪ್ಪು ಪಟ್ಟಿಯದು, ಅದೇ ಪಕ್ಕದಲ್ಲಿ ಉಳಿದರೆ ಕಿರಣಗಳದು. ಆರಂಭದ ಗೆರೆಗೂ ಇದನ್ನೇ ಮಾಡಿ. ಎರಡು ಗೆರೆಗಳ ನಡುವೆ ಎಡಬದಿಯ ಮತ್ತು ಬಲಬದಿಯ ದೂರ ಒಂದೇ ಇದ್ದು, ಮೂಲೆಯಿಂದ ಮೂಲೆಗಿರುವ ಎರಡು ಅಳತೆಗಳೂ ಒಂದೇ ಬಂದರೆ ಗೆರೆಗಳು ನೇರವಾಗಿವೆ.

ಪರದೆಯ ಮೇಲೆ ಎಷ್ಟು ಅಂಕಿ ತೋರಿಸಬೇಕು ಎಂಬುದು ಉಳಿಯಿತು. ರಿಸೀವರುಗಳ ಕಾಲು ಮಿಲಿಸೆಕೆಂಡಿನ ವಿಳಂಬ ಎರಡು ಲೇನ್‌ಗಳಲ್ಲಿ ತುಸು ಏರುಪೇರಾಗಬಹುದು, ಕಿರಣಗಳ ಜೋಡಣೆಯಲ್ಲಿ ಇನ್ನೊಂದಿಷ್ಟು ಉಳಿದಿರುತ್ತದೆ. ಆದ್ದರಿಂದ ಸಾವಿರದ ಒಂದು ಭಾಗದವರೆಗೆ, ಅಂದರೆ ಮೂರು ದಶಮಾಂಶ ಸ್ಥಾನ ತೋರಿಸಿ. ದೊಡ್ಡ ರೇಸುಗಳಲ್ಲಿ ಗೆಲುವಿನ ಅಂತರವನ್ನು ನಾಲ್ಕನೆಯ ಸ್ಥಾನದವರೆಗೆ ಹೇಳುತ್ತಾರಾದರೂ ನಿಮ್ಮ ಸೆನ್ಸರುಗಳಿಗೆ ಆ ಸ್ಥಾನದ ಅಧಿಕಾರವಿಲ್ಲ. ಮೂಲ ಸಂಖ್ಯೆಗಳನ್ನು ಮಾತ್ರ ಪೂರ್ತಿಯಾಗಿ ಲ್ಯಾಪ್‌ಟಾಪಿನಲ್ಲಿ ಬರೆದಿಡಿ: ಹಸಿರು, ಬಿಟ್ಟ ಕ್ಷಣ, ಗುರಿಯ ಕ್ಷಣ, ಎರಡೂ ಲೇನ್‌ನವು. ಅಂತರ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಬಂದ ಓಟವನ್ನು ಸಮವೆಂದು ಸಾರಿ, ಲೇನ್ ಅದಲು ಬದಲು ಮಾಡಿ ಇನ್ನೊಮ್ಮೆ ಓಡಿಸಿ.